ಸೆರಾಫಿನ್‌ನ ಕಿವಿ

ಸೆರಾಫಿನ್‌ನ ಕಿವಿ ಅಂದರೆ ಟಿರೋಲಿನ ಹಿಮಬೆಟ್ಟಗಳ ನಡುವಿನ ಆ ಕಣಿವೆಗೇ ಹೆಮ್ಮೆ. ಹೊಸ ಹಿಮದ ಅಡಿಯಲ್ಲಿ ಹಳೆಯದು ಕುಸಿದರೆ ಧಪ್ ಎಂದೊಂದು ಸದ್ದು ಬರುತ್ತದೆ. ಅದು ಬಂದ ಮೇಲೆ ಮುಂದೆ ಹೆಜ್ಜೆ ಇಡಬಾರದು, ಹಿಮ ಒಟ್ಟಿಗೇ ಜಾರಿ ಮೈಮೇಲೆ ಬಂದೀತು. ಬೆಟ್ಟದ ಗೈಡುಗಳಲ್ಲಿ ಆ ಸದ್ದನ್ನು ಎಲ್ಲರಿಗಿಂತ ಮೊದಲು ಹಿಡಿಯುತ್ತಿದ್ದವನು ಸೆರಾಫಿನ್. ಅವನು ಮೊದಲು ಇಳಿಜಾರು ದಾಟಿ ಆಚೆ ನಿಂತು, ಕಿವಿಗೊಟ್ಟು ಕೇಳಿ, ಬನ್ನಿ ಎಂದು ಕೈ ಬೀಸಿದರೆ ಹಿಂದಿನವರು ಕಣ್ಣುಮುಚ್ಚಿ ಬರುತ್ತಿದ್ದರು.

ಆ ಕಿವಿ ಕೆಟ್ಟು ಎರಡು ಚಳಿಗಾಲವಾಗಿತ್ತು. ಅದು ಹೆಂಡತಿ ಬುರ್ಗಾಗೆ ಮಾತ್ರ ಗೊತ್ತು. ಕಿವಿಗೆ ಯಂತ್ರ ಹಾಕಿಸಿಕೋ ಎಂದರೆ, "ಬೇಕಾದ್ರೆ ಹಲ್ಲು ಕಟ್ಟಿಸ್ಕೋತೀನಿ. ಕಿವೀಲಿ ಯಂತ್ರ ಇಟ್ಕೊಂಡ ಗೈಡ್ ಹಿಂದೆ ಯಾವನು ಬರ್ತಾನೆ?" ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದ. ಗಂಡನ ಮರ್ಯಾದೆ ಉಳಿಯಲಿ ಎಂದು ಅವಳೂ ಸುಮ್ಮನಾದಳು. ದಾರಿಯಲ್ಲಿ ಯಾರಾದರೂ ಅವನನ್ನು ಮಾತಾಡಿಸಿದರೆ ತಾನೇ ಮುಂದೆ ಬಿದ್ದು ಉತ್ತರ ಕೊಡುತ್ತಿದ್ದಳು. ಊರವರು ಅವಳಿಗೆ ಬಾಯಿಬಡುಕಿ ಎಂದು ಹೆಸರಿಟ್ಟರು.

ಈ ಸಲ ಅಕ್ಟೋಬರಿನಲ್ಲೇ ಹಿಮ ಬಿತ್ತು. ಆಮೇಲೆ ಬರೀ ಒಣ ಚಳಿ. ಬಿಸಿಲಿನ ಕಡೆಯದು ಕರಗಿ ಕಲ್ಲು ಕಂಡಿತು. ಉತ್ತರದ ನೆರಳಿನ ಇಳಿಜಾರಿನಲ್ಲಿ ಉಳಿದದ್ದು ಒಳಗೊಳಗೇ ಸಕ್ಕರೆಯಂತೆ ಉದುರುದುರಾಯಿತು. ನವೆಂಬರಿನಲ್ಲಿ ಅದರ ಮೇಲೆ ಹೊಸ ಹಿಮ ದಪ್ಪಗೆ ಕೂತಿತು. ಸ್ಕೀ ಆಡುವಷ್ಟು ಹಿಮ ಇದ್ದದ್ದು ಅಲ್ಲೊಂದೇ ಕಡೆ, ನಂಬಬಾರದ ಜಾಗವೂ ಅದೇ. ಸೆರಾಫಿನ್ ತನ್ನ ಮಗಳು ರೊಸೀನಾಳನ್ನೂ ಅಳಿಯ ಗೆಬ್‌ಹಾರ್ಟನನ್ನೂ ಅಲ್ಲಿಗೇ ಕರೆದೊಯ್ದ. ಇಳಿಜಾರಿಗೆ ಇಳಿಜಾರೇ ಜಾರಿತು. ಗಂಡನೂ ಅಪ್ಪನೂ ಅಗೆದು ತೆಗೆಯುವಷ್ಟರಲ್ಲಿ ರೊಸೀನಾಳ ಉಸಿರು ನಿಂತಿತ್ತು.

ಮಣ್ಣು ಮಾಡಿದ ಮಾರನೆಯ ದಿನ ಗೆಬ್‌ಹಾರ್ಟ್ ಅತ್ತೆಯ ಅಡುಗೆಮನೆಗೆ ಬಂದು ಕೂತ. ಮೇಜಿನ ಮೇಲೆ ಬಾರ್ಲಿ ಸೂಪು ಆರುತ್ತಿತ್ತು. ಎದುರಿಗೆ ಸೆರಾಫಿನ್ ಚಮಚ ಹಿಡಿದು ತಟ್ಟೆ ನೋಡುತ್ತಿದ್ದ.

"ಅತ್ತೆ, ಹಿಮ ಸದ್ದು ಮಾಡ್ತು," ಎಂದ ಗೆಬ್‌ಹಾರ್ಟ್. "ಮಾವ ದಾಟಿ ಆಚೆ ನಿಂತಿದ್ರು. ನಾವು ಕಾಲಿಟ್ವಿ, ಧಪ್ ಅಂತು. ನಾನು ಬೇಡ ಅಂದೆ. ಅವಳು ಅಪ್ಪನ್ನ ನೋಡಿದ್ಲು. ಮಾವ ಬನ್ನಿ ಅಂತ ಕೈ ಬೀಸಿದ್ರು. 'ಅಪ್ಪಂಗೂ ಕೇಳಿಸಿರತ್ತಲ್ಲ, ಅಪಾಯ ಇದ್ದಿದ್ರೆ ಕರೀತಿದ್ರಾ?' ಅಂದು ಹೊರಟೇ ಬಿಟ್ಲು."

ಅಳಿಯನ ಪಕ್ಕ ಕೂತಿದ್ದ ಬುರ್ಗಾ ಗಂಡನ ಕಿವಿಯನ್ನೇ ನೋಡಿದಳು. ಒಂದೇ ಒಂದು ಮಾತು ಮಗಳ ಕಿವಿಗೆ ಹಾಕಿದ್ದರೆ ಅವಳು ಬದುಕಿರುತ್ತಿದ್ದಳು.

ಸೆರಾಫಿನ್ ತಲೆಯೆತ್ತಿದ. ಅದೇ ಮೇಜಿನಲ್ಲಿ ಕೂತಿದ್ದರೂ ಒಂದಕ್ಷರವೂ ಅವನನ್ನು ಮುಟ್ಟಿರಲಿಲ್ಲ. "ಏನಂತಾನೆ? ಸದ್ದು ಬಂದಿತ್ತಂತಾ?"

ಆ ಮುಖ ನೋಡಿ ಅವಳಿಗೆ ತಡೆಯಲಾಗಲಿಲ್ಲ. "ಇಲ್ವಂತೆ," ಎಂದು ಕೂಗಿದಳು. "ಏನೂ ಸದ್ದು ಬರ್ಲಿಲ್ವಂತೆ."

ಗೆಬ್‌ಹಾರ್ಟ್ ಅತ್ತೆಯನ್ನೇ ನೋಡಿದ.

ಸೆರಾಫಿನ್ ನಿಟ್ಟುಸಿರು ಬಿಟ್ಟ. ಮಗಳು ಸತ್ತ ಮೇಲೆ ಮೊದಲ ಸಲ ಒಂದು ಚಮಚ ಸೂಪು ಬಾಯಿಗಿಟ್ಟ. "ಅದೇ ಮತ್ತೆ. ಬಂದಿದ್ರೆ ನಂಗೆ ಕೇಳಿಸ್ದೆ ಇರ್ತಿತ್ತಾ? ಶನಿವಾರ ಕೆಳಗಿನೂರಿನ ಮೇಷ್ಟ್ರು ಸ್ಕೂಲ್ ಮಕ್ಕಳನ್ನ ಕರ್ಕೊಂಡು ಬರ್ತೀನಿ ಅಂದಿದ್ರು. ಬೇಡ ಅಂತ ಹೇಳಿ ಕಳಿಸೋಣ ಅಂತಿದ್ದೆ. ಹಂಗಿದ್ರೆ ಮಕ್ಕಳನ್ನ ಮೇಲಕ್ಕೆ ಕರ್ಕೊಂಡು ಹೋಗ್ಬರ್ತೀನಿ. ಮನೇಲಿ ಕೂತ್ರೆ ಹುಚ್ಚು ಹಿಡಿಯತ್ತೆ ಕಣೆ."

ಬುರ್ಗಾ ಎದ್ದು ಮೇಜು ಸುತ್ತಿಕೊಂಡು ಬಂದು ಅವನ ಪಕ್ಕ ಕೂತಳು. ಚಮಚ ಹಿಡಿದ ಕೈಯನ್ನು ಹಿಡಿದುಕೊಂಡಳು. ಸಾಯುವ ತನಕ ಅವನನ್ನು ಆ ಒಂದು ಸುಳ್ಳಿನಲ್ಲಿ ಬೆಚ್ಚಗಿಡಬೇಕೆಂದು ಅವಳಿಗೆ ಎಷ್ಟು ಆಸೆಯಿತ್ತೋ.

"ಸದ್ದು ಬಂದಿತ್ತು," ಎಂದಳು. ಈ ಸಲ ಕೂಗಲಿಲ್ಲ. "ನಿಂಗೆ ಕೇಳಿಸ್ಲಿಲ್ಲ."

ಅವನು ಅವಳ ಬಾಯಿಯ ಹತ್ತಿರಕ್ಕೆ ಬಾಗಿದ. "ಏನಂದೆ?"

ಅವಳು ಅದನ್ನು ಇನ್ನೊಮ್ಮೆ ಹೇಳಬೇಕಾಯಿತು, ಪಕ್ಕದ ಮನೆಗೂ ಕೇಳುವಷ್ಟು ಗಟ್ಟಿಯಾಗಿ.