ಧ್ವನಿ ಸ್ಪಷ್ಟವಾಗಿ ಕೇಳಿಸುತ್ತದೆ

ನಿಮ್ಮ ಸಂಪರ್ಕ ದುರ್ಬಲವಾಗಿದೆ, ವಿಡಿಯೋ ನಿಲ್ಲಿಸಿದರೆ ಧ್ವನಿ ಸ್ಪಷ್ಟವಾಗಿ ಕೇಳಿಸುತ್ತದೆ — ಅಂತೆ, ಅಕ್ಕನ ಗದ್ದಕ್ಕೆ ಅಡ್ಡಲಾಗಿ ಬಂದು ಕೂತಿದೆ ಈ ಬಿಳಿ ಪಟ್ಟಿ, ಧ್ವನಿಯಂತೆ ಧ್ವನಿ, ಯಾರಪ್ಪನ ಧ್ವನಿ, ಹುಟ್ಟಿದಾಗಿನಿಂದ ನಾನಾಗಲಿ ಅಕ್ಕನಾಗಲಿ ಒಂದು ಕಾಗೆ ಕೂಗಿದ್ದನ್ನೂ ಕೇಳಿದವರಲ್ಲ, ನಾವು ಮಾತಾಡುವುದು ಕೈಯಲ್ಲಿ, ಆ ಕೈಯನ್ನೇ ಮರೆಮಾಡು ಎಲ್ಲ ಸರಿಹೋಗುತ್ತೆ ಅನ್ನುತ್ತದಲ್ಲ ಈ ಫೋನು, ಇದನ್ನು ಬರೆದವನು ಎದುರಿಗೆ ಸಿಕ್ಕರೆ ಅವನ ನಾಲಗೆಗೆ ಒಂದು ಕ್ಲಿಪ್ಪು ಹಾಕಿ ಈಗ ಮಾತಾಡಪ್ಪ ಅನ್ನಬೇಕು, ಅಕ್ಕನ ಬಲಗೈ ಎದೆಯ ಹತ್ತಿರ ನಿಂತುಬಿಟ್ಟಿದೆ, ಬೆರಳು ಬಿಡಿಸುವಷ್ಟರಲ್ಲಿ ನಿಂತದ್ದು, ಮುಂದಕ್ಕೆ ಹೋದರೆ ಕೊಟ್ಟೆ ಅಂತ, ಎದೆಗೆ ಬಂದರೆ ಬೇಜಾರು ಅಂತ, ಗಾಳಿಯಲ್ಲೇ ನಿಂತರೆ ಏನಂತ ತಿಳಿಯಲಿ, ಅತ್ತೆ ಬಾಗಿಲಲ್ಲಿ ನಿಂತು ಮತ್ತೆ ನಿಂತಿತಾ ಅಂತ ಹುಬ್ಬಲ್ಲೇ ಕೇಳುತ್ತಾರೆ, ನಿಂತಿತು, ಅಲಮಾರಿಯ ಮೇಲೆ ಮೋಡೆಮ್ಮಿನ ದೀಪ ಕೆಂಪಗೆ ಮಿಟುಕುತ್ತಿದೆ, ಅದರ ಮೇಲೆ ಧೂಳು ಕೂರಬಾರದು ಅಂತ ಅತ್ತೆ ಹೊದಿಸಿದ ಕಸೂತಿ ಬಟ್ಟೆ, ಶೆಖೆಗೆ ಕೆಡುತ್ತೆ ಅಂತ ನನ್ನವರು ಅದನ್ನು ತೆಗೆಯುತ್ತಾರೆ, ಅತ್ತೆ ಹೊದಿಸುತ್ತಾರೆ, ಬಟ್ಟೆ ಇದ್ದರೂ ಕೆಂಪು, ಇಲ್ಲದಿದ್ದರೂ ಕೆಂಪು, ಆರಿಸಿ ಹಾಕಿ ನೋಡು ಅನ್ನುತ್ತಾರೆ ಎಲ್ಲರೂ, ಆರಿಸಿ ಹಾಕಿ ಆರಿಸಿ ಹಾಕಿ ಆ ಸ್ವಿಚ್ಚೇ ಸಡಿಲವಾಗಿದೆ — ಈಗ ಪಟ್ಟಿ ಜಾರಿತು, ಅಕ್ಕ ಬಂದಳು, ಅವಳ ಮುಖ ಚೌಕ ಚೌಕ, ಮೂಗಿನ ಜಾಗದಲ್ಲಿ ಒಂದು ಇಟ್ಟಿಗೆ, ಕೈಯ ಜಾಗದಲ್ಲಿ ನಾಲ್ಕು ಇಟ್ಟಿಗೆ, ಏನು ಹೇಳುತ್ತಿದ್ದೆ ಅಂತ ಕೇಳಿದೆ, ನೀನು ಹೇಳಿದ್ದು ಕಾಣಿಸಲಿಲ್ಲ ಅಂದಳು, ನೀನೇ ಹೇಳುತ್ತಿದ್ದೆ ಅಂದೆ, ಏನು ಅಂದಳು, ಹೋಯಿತು, ಮತ್ತೆ ಬಿಳಿ ಪಟ್ಟಿ.

ಇದೇನು ಇವತ್ತಿನ ಕತೆಯೇ, ಕಳೆದ ಬೇಸಿಗೆಯಿಂದಲೂ ಹೀಗೇ, ಕನೆಕ್ಷನ್ ಹಾಕಿಸಿದ ದಿನ ಕೊಟ್ಟ ಬಣ್ಣದ ಕಾಗದದಲ್ಲಿ ಒಂದು ಸಂಸಾರ ಸೋಫಾದ ಮೇಲೆ ಕೂತು ಹಲ್ಲು ಕಿರಿಯುತ್ತಿತ್ತು, ಮಿಂಚಿನ ವೇಗ ಅಂತ ಮೇಲೆ ಬರೆದಿತ್ತು, ಮಿಂಚಂತೆ, ಒಂದು ಸಲ ಹೊಳೆದು ಮಾಯವಾಗುವುದರಲ್ಲಿ ಸುಳ್ಳೇನಿಲ್ಲ, ಮೊಬೈಲ್ ಸಿಗ್ನಲ್ಲು ಈ ತಗ್ಗಿನ ಊರಿಗೆ ಇಳಿಯುವುದೇ ಇಲ್ಲ, ಗುಡ್ಡ ಹತ್ತಬೇಕು, ಗುಡ್ಡದ ಮೇಲೆ ಬಿಸಿಲಲ್ಲಿ ಪರದೆ ಕಾಣುವುದಿಲ್ಲ, ಅದಕ್ಕೇ ತಾನೇ ಈ ತಂತಿ ಎಳೆಸಿದ್ದು, ಅಕ್ಕನಿರುವುದು ರೈಲಲ್ಲಿ ಒಂದು ಹಗಲು ಒಂದು ರಾತ್ರಿ ದೂರದ ಶಹರ, ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ, ಸಂಜೆ ಬಂದು ಕಾಲು ತೊಳೆದು ಫೋನಿನ ಮುಂದೆ ಕೂರುತ್ತಾಳೆ, ಚಿಕ್ಕವರಿದ್ದಾಗ ನಾವೇ ಕಟ್ಟಿಕೊಂಡ ಮಾತು ಅದು, ಯಾವ ಶಾಲೆಯಲ್ಲೂ ಕಲಿಸದ್ದು, ಅಪ್ಪನಿಗೆ ಮೀಸೆ ತಿರುವುವುದು, ಸುಳ್ಳಿಗೆ ಕಿರುಬೆರಳು ಮೂಗಿಗೆ ತಾಗಿಸುವುದು, ಲೋಕದಲ್ಲಿ ಆ ಮಾತು ಪೂರ್ತಿ ಬಲ್ಲವರು ನಾವಿಬ್ಬರೇ, ಅತ್ತೆಗೆ ಅರ್ಧ ಗೊತ್ತು, ನನ್ನವರಿಗೆ ಊಟ, ನಿದ್ದೆ, ಕೋಪ ಇಷ್ಟು ಗೊತ್ತು, ಶಾಲೆಯ ಬಸ್ಸು ಓಡಿಸಿ ಬಂದು ಸುಸ್ತಾಗಿ, ಹಳ್ಳಿ ಅಂದ್ಮೇಲೆ ಇಷ್ಟೇನೇ ಬಿಡು ಅನ್ನುತ್ತಾರೆ, ಬಿಡು ಅನ್ನುವುದಕ್ಕೆ ಅವರ ಕೈ ಮಾತ್ರ ಬಲು ಚುರುಕು, ಅಂಗಡಿಯವಳಂತೂ ಅತ್ತೆಯ ಹತ್ತಿರ, ಕಿವುಡಿಗ್ಯಾಕೆ ವಿಡಿಯೋ, ಮೆಸೇಜ್ ಬರೆದುಕೊಳ್ಳಲಿ ಅಂದಳು, ತುಟಿ ಓದಬಲ್ಲೆ ಅನ್ನುವುದು ಅವಳಿಗೆ ನೆನಪಿರಲಿಲ್ಲ, ಅವಳ ಮೇಲಿನ ಹಲ್ಲುಸೆಟ್ಟು ಮಾಡಿದವಳು ನಾನು, ಪೇಟೆಯ ಹಲ್ಲಿನ ಡಾಕ್ಟರು ಬಸ್ಸಲ್ಲಿ ಅಚ್ಚು ಕಳಿಸುತ್ತಾರೆ, ನಾನು ಹಿಂದಿನ ಕೋಣೆಯಲ್ಲಿ ಮೇಣ ಕಾಯಿಸಿ ಒಂದೊಂದೇ ಹಲ್ಲು ಕೂರಿಸುತ್ತೇನೆ, ನಾನು ಕೂರಿಸಿದ ಹಲ್ಲಿನಿಂದಲೇ ನನ್ನನ್ನು ಆಡಿಕೊಂಡಳು ಮಹಾರಾಯಿತಿ, ಮೆಸೇಜಂತೆ, ಅಕ್ಕ ಶಾಲೆ ಬಿಟ್ಟದ್ದು ಮೂರನೆಯ ತರಗತಿಗೆ, ಅಕ್ಷರ ಅವಳಿಗೆ ಪರದೇಶ, ಬಂದೆ ಹೋದೆ ಊಟ ಆಯ್ತು ಇಷ್ಟು ಬರೆಯುತ್ತಾಳೆ, ಲಾಂಡ್ರಿಯ ಮೇಲ್ವಿಚಾರಕ ನಡೆಯುವ ಠೀವಿಯನ್ನು ಬರೆಯುವುದು ಹೇಗೆ, ಅದನ್ನು ಅವಳು ಎರಡು ಭುಜದಲ್ಲಿ ಮಾಡಿ ತೋರಿಸಿದರೆ ನಾನು ನಕ್ಕು ನಕ್ಕು ಮೇಣ ಕೆಳಗೆ ಬೀಳಿಸುತ್ತಿದ್ದೆ, ಈಗ ಭುಜ ಏಳುವಷ್ಟರಲ್ಲಿ ಇಟ್ಟಿಗೆ.

ದೂರು ಕೊಡಿ ಅನ್ನುತ್ತಾರೆ, ದೂರು ಕೊಡುವುದಕ್ಕೆ ಇರುವುದು ಒಂದೇ ದಾರಿ, ಫೋನ್ ಮಾಡಿ ಮಾತಾಡಬೇಕು, ಮಾತಾಡಬೇಕು, ನನ್ನ ಹೆಸರಲ್ಲಿ ಕನೆಕ್ಷನ್ನು, ನನ್ನ ಬಾಯಿಂದಲೇ ದೂರು, ಬೇರೆಯವರು ಮಾತಾಡಿದರೆ ತೆಗೆದುಕೊಳ್ಳುವುದಿಲ್ಲ, ನನ್ನವರು ಗುಡ್ಡ ಹತ್ತಿ ಮಾಡಿದರು, ನೀವು ಹೆಂಗಸಲ್ಲ ಅಂತ ಇಟ್ಟರಂತೆ, ಕೊನೆಗೆ ಅತ್ತೆ ಸೆರಗು ಸಿಕ್ಕಿಸಿಕೊಂಡು ಗುಡ್ಡ ಹತ್ತಿ ಕೂತರು, ನಾನೇ ಅವಳು, ಹೇಳಿ ಅಂದರು, ಹುಟ್ಟಿದ ತಾರೀಕು ಕೇಳಿದರೆ ಗಾಬರಿಯಲ್ಲಿ ತಮ್ಮದನ್ನೇ ಹೇಳಿಬಿಟ್ಟರು, ಆ ಕಡೆಯವಳು, ಅಮ್ಮಾ ನಮ್ಮ ದಾಖಲೆಯಲ್ಲಿ ನಿಮಗೆ ಇನ್ನೂ ಮದುವೆ ವಯಸ್ಸಿದೆ ಅಂದಳಂತೆ, ಅತ್ತೆ ಬಿಡುತ್ತಾರೆಯೇ, ನಿಮ್ಮ ಲೈನಿಗೆ ಕಾದು ಕಾದು ಮುದುಕಿಯಾದೆ ಕಣಮ್ಮ ಅಂದರಂತೆ, ನನಗೆ ಕೈಯಲ್ಲಿ ಅದನ್ನೆಲ್ಲ ಹೇಳುವಾಗ ಅವರೂ ನಕ್ಕರು ನಾನೂ ನಕ್ಕೆ, ಆದರೆ ನಗುವ ವಿಷಯವೇ ಇದು, ಅತ್ತೆಯ ಸುಳ್ಳಿನ ಮೇಲೆ ಬಂದವನು ಲೈನಿನವನು, ಊರಲ್ಲಿ ಅವನಿಗೆ ನಾಳೆಯಪ್ಪ ಅಂತಲೇ ಹೆಸರು, ಬೈಕಿಂದ ಇಳಿಯದೆ ಕಂಬ ನೋಡಿ, ನಾಳೆ ಸಾಮಾನು ತರ್ತೀನಿ ಅಂದ, ಮತ್ತೊಂದು ನಾಳೆ ಬಂದು ಮೋಡೆಮ್ಮಿನ ಕಸೂತಿ ಬಟ್ಟೆ ಎತ್ತಿ ನೋಡಿ ಮುಚ್ಚಿದ, ಇನ್ನೊಂದು ನಾಳೆ, ನಿಮ್ಮದು ಲೈನಿನ ಕೊನೇ ಮನೆ ಅಲ್ವಾ ಅಂದ, ನಮ್ಮದೇ ತಪ್ಪು ಅನ್ನುವ ಹಾಗೆ, ಕೊನೆಯ ಮನೆಗೆ ಬಿಲ್ಲು ಮಾತ್ರ ಮೊದಲು ಬರುತ್ತದೆ, ವಿಡಿಯೋ ಕಮ್ಮಿ ಮಾಡಿ, ಫೋನಲ್ಲಿ ಮಾತಾಡ್ಕೊಳ್ಳಿ ಅಂತ ನನ್ನ ಮುಖ ನೋಡಿಯೇ ಹೇಳಿದ, ಅವನ ತುಟಿಯಿಂದ ಅದು ಬಂದದ್ದು ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ ಕೈಯಲ್ಲಿದ್ದ ಮೇಣದ ಚಾಕುವನ್ನು ಮೇಜಿನ ಮೇಲೆ ಇಟ್ಟುಬಿಟ್ಟೆ, ಕೈಯಲ್ಲಿ ಇರುವುದು ಬೇಡ ಅಂತ.

ಅದಕ್ಕೇ ಇಲ್ಲಿ ಬಂದು ನಿಂತಿದ್ದೇನೆ, ನಮ್ಮ ಪೇಟೆಯಲ್ಲಿರುವ ಕನೆಕ್ಷನ್ ಕಂಪನಿಯ ಆಫೀಸು, ತಣ್ಣನೆ ಗಾಳಿ ಊದುವ ಯಂತ್ರ, ಗೋಡೆಯ ಮೇಲೆ ಅದೇ ಸೋಫಾದ ಸಂಸಾರ, ಗಾಜಿನ ಹಿಂದೆ ಕೌಂಟರಿನ ಹುಡುಗಿ, ನನ್ನ ಹಿಂದೆ ಸಾಲು, ನಾನು ಫೋನಿನಲ್ಲಿ ಎಲ್ಲವನ್ನೂ ಬರೆದು ತಂದಿದ್ದೇನೆ, ನನಗೆ ಕಿವಿ ಕೇಳುವುದಿಲ್ಲ, ಅಕ್ಕನಿಗೂ ಇಲ್ಲ, ಚಿತ್ರ ನಿಂತರೆ ನಮ್ಮ ಮಾತು ನಿಲ್ಲುತ್ತದೆ, ದಯವಿಟ್ಟು ತಂತಿ ನೋಡಿಸಿ — ಹುಡುಗಿ ಓದಿದಳು, ಅಯ್ಯೋ ಪಾಪ ಅಂತ ಮುಖ ಮಾಡಿದಳು, ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ ಏನೋ ಹೇಳಿದಳು, ಕೆನ್ನೆ ಮಾತ್ರ ಅಲ್ಲಾಡಿತು, ಕೆನ್ನೆಯಲ್ಲಿ ನಾನೇನು ಓದಲಿ, ಗಾಜು ತಟ್ಟಿದೆ, ತಿರುಗಿದಳು, ಇಲ್ಲಿ ದೂರು ತಗೊಳ್ಳಲ್ಲ ಅಂದಳು, ಒಂದು ಚೀಟಿ ಗಾಜಿನ ಕೆಳಗೆ ಸರಿಸಿದಳು, ನೋಡಿದರೆ ಅದೇ ನಂಬರು, ಫೋನ್ ಮಾಡಿ ಮಾತಾಡಬೇಕಾದ ಅದೇ ನಂಬರು, ಓದಿದಳಲ್ಲ, ಪಾಪ ಅಂದಳಲ್ಲ, ಪಾಪ ಅಂದವಳೇ ಕೊಟ್ಟಳಲ್ಲ — ಹಲ್ಲು ಕೂರಿಸುವ ಕೈಯಿಂದ ಅಲ್ಲೇ ಆ ನಂಬರು ಒತ್ತಿದೆ, ಸ್ಪೀಕರು ಒತ್ತಿದೆ, ಫೋನನ್ನು ಗಾಜಿನ ಕೆಳಗಿಂದ ಅವಳ ಮುಂದೆ ತಳ್ಳಿದೆ, ನೀನೇ ಮಾತಾಡು ಅಂತ ಕೈ ತೋರಿಸಿ ಕೌಂಟರಿಗೆ ಮೊಣಕೈ ಊರಿ ನಿಂತೆ, ಯಂತ್ರ ಮಾತಾಡತೊಡಗಿರಬೇಕು, ಹುಡುಗಿ ಏನೋ ಒತ್ತಿದಳು, ಕಾದಳು, ಮತ್ತೆ ಒತ್ತಿದಳು, ಮತ್ತೆ ಕಾದಳು, ನನ್ನ ಹಿಂದಿನ ಟೋಪಿಯ ಯಜಮಾನರ ಭುಜ ಕುಲುಕುತ್ತಿತ್ತು, ಅವರು ನನ್ನ ಮುಂದೆ ಬಂದು ಕೊಳಲು ಊದುವ ಹಾಗೆ ಬೆರಳಾಡಿಸಿ ತೋರಿಸಿದರು, ಸಂಗೀತ ಹಾಕಿದ್ದಾರೆ ಅಂತ, ಸಾಲಿನವರೆಲ್ಲ ನಗುತ್ತಿದ್ದರು, ಹುಡುಗಿಯ ಕಿವಿಯ ತುದಿ ಕೆಂಪಾಯಿತು, ಕಿವಿ ಇದ್ದವರಿಗೂ ಅದು ಉತ್ತರ ಕೊಡುವುದಿಲ್ಲ ಅಂತ ಆಗಲೇ ನನಗೆ ಗೊತ್ತಾದದ್ದು, ಒಳಗಿಂದ ಮ್ಯಾನೇಜರು ಬಂದರು, ಜೇಬಲ್ಲಿ ಪೆನ್ನು, ಬಾಯಿ ದೊಡ್ಡದಾಗಿ ತೆರೆದು, ಕೂಗುತ್ತಿದ್ದರೋ ಏನೋ, ಪ್ರತಿ ಅಕ್ಷರವೂ ಕಂಡಿತು, ನಿಮ್ಮ ಕಡೆಯಿಂದ ಮಾತಾಡೋರು ಯಾರೂ ಇಲ್ವೇನಮ್ಮ. ನಾನು ಫೋನು ತೆಗೆದುಕೊಂಡು, ಆ ಸಂಗೀತವನ್ನು ನಿಲ್ಲಿಸಿ, ಬರೆದು ತೋರಿಸಿದೆ. ನಾನೇ ಮಾತಾಡ್ತಾ ಇದೀನಿ ಸ್ವಾಮಿ. ಅವರು ಅದನ್ನು ಓದಿ, ಸಾಲನ್ನು ನೋಡಿ, ಟೋಪಿಯ ಯಜಮಾನರನ್ನು ನೋಡಿ, ಬಾಯಿ ಸಣ್ಣದು ಮಾಡಿಕೊಂಡು, ಒಂದು ಕುರ್ಚಿ ಎಳೆದು ಕೊಟ್ಟರು, ಕೂರಲಿಲ್ಲ ನಾನು, ಕೂತರೆ ಕೋಪ ಇಳಿದುಹೋದೀತು ಅಂತ, ಅವರು ಯಾರಿಗೋ ಫೋನ್ ಮಾಡುವವರೆಗೂ ನಿಂತೇ ಇದ್ದೆ.

ಮಾರನೆಯ ದಿನವೇ ಬಂದ ನಾಳೆಯಪ್ಪ, ಹೊಸ ತಂತಿಯ ಸುರುಳಿ ಹೆಗಲಿಗೆ ಹಾಕಿಕೊಂಡು, ಕೋಳಿ ಸಾಕುವವನ ಶೆಡ್ಡಿನ ಹತ್ತಿರ ಹಳೆಯ ತಂತಿಯ ಗಂಟು ಬಿಚ್ಚಿದರೆ ಒಳಗೆ ಇರುವೆ ಗೂಡು, ಆ ಗಂಟಿಗೆ ಹಿಂದೆ ಪ್ಲಾಸ್ಟಿಕ್ ಚೀಲ ಸುತ್ತಿದವನು ನಾಳೆಯಪ್ಪನೇ ಇರಬೇಕು, ನನಗೆ ತಂದು ತೋರಿಸಿ ಹಲ್ಲು ಬಿಟ್ಟ, ನಾನು ಹಲ್ಲು ಬಿಡಲಿಲ್ಲ, ಮಧ್ಯಾಹ್ನದ ಹೊತ್ತಿಗೆ ದೀಪ ಹಸಿರಾಯಿತು, ಅತ್ತೆ ಅದಕ್ಕೆ ಬಟ್ಟೆ ಹೊದಿಸಲಿಲ್ಲ, ನೋಡುತ್ತಿರೋಣ ಅಂತ, ಸಂಜೆ ಅಕ್ಕ ಬಂದಳು — ಬಂದಳು ಅಂದರೆ ನಿಜವಾಗಿ ಬಂದಳು, ಇಟ್ಟಿಗೆ ಇಲ್ಲ, ಪಟ್ಟಿ ಇಲ್ಲ, ಅವಳ ಹಣೆಯ ಕೂದಲು ಬೆಳ್ಳಗಾಗಿದೆ, ಅವಳ ಹಿಂದೆ ಹಗ್ಗಕ್ಕೆ ಹಾಕಿದ ಭಾವನ ಅಂಗಿಯ ಗುಂಡಿ ಕೂಡ ಕಾಣುತ್ತಿದೆ, ನಾನು ಎರಡೂ ಕೈ ಅಗಲ ಮಾಡಿ ಆಫೀಸಿನ ಕತೆ ಶುರುಮಾಡಿದೆ, ಗಾಜು, ಹುಡುಗಿ, ಸಂಗೀತ, ಟೋಪಿ, ಅಕ್ಕ ತಲೆಯಾಡಿಸುತ್ತಿದ್ದಾಳೆ, ನಗುತ್ತಿದ್ದಾಳೆ, ನಗಬೇಕಾದ ಕಡೆ ಅಲ್ಲ, ಒಂದು ಗಳಿಗೆ ತಡವಾಗಿ, ಲೈನು ತಡವೇ ಅಂತ ನೋಡಿದೆ, ಅಲ್ಲ, ನಾನು ನಕ್ಕ ಕೂಡಲೇ ಅವಳೂ ನಗುತ್ತಿದ್ದಾಳೆ, ಆಮೇಲೆ ಕಂಡದ್ದು ಅವಳ ಮುಂಗೈ, ಕಂದು ಬಣ್ಣದ ಸುಟ್ಟ ಗೆರೆಗಳು, ಒಂದರ ಪಕ್ಕ ಒಂದು, ಹಳೆಯದು, ಹೊಸದು, ಇಟ್ಟಿಗೆಗಳ ಕೆಳಗೆ ಇಷ್ಟು ದಿನ ಇದ್ದದ್ದು, ಏನಿದು ಅಂದೆ, ಅವಳು ನೋಡಲಿಲ್ಲ, ಲೈನು ಇನ್ನೂ ಸರಿಯಾಗಿಲ್ಲ ಕಣೆ ಅಂದಳು, ಇನ್ನೊಂದು ಸಲ ಹೋಗಿ ಬೈದು ಬಾ ಅಂದಳು, ನಾನು ಕೈಯನ್ನು ಮೆಲ್ಲಗೆ ಬದಿಗೆ ಒಯ್ದು ಬೆರಳಾಡಿಸಿದೆ, ಅವಳು ನನ್ನ ಎದೆಯನ್ನೇ ನೋಡುತ್ತಿದ್ದಾಳೆ, ಕೈ ಎಲ್ಲಿ ಅನ್ನುವ ಹಾಗೆ, ಕಿರುಬೆರಳನ್ನು ಮೂಗಿನ ತುದಿಗೆ ತಂದು ಇಟ್ಟುಕೊಂಡೆ, ಸುಳ್ಳು, ಅದು ಕಂಡಿತು ಅವಳಿಗೆ, ನಡುವೆ ಇದ್ದದ್ದರಿಂದ ಕಂಡಿತು, ಫ್ಯಾನಿಗೆ ಹಾರುತ್ತಿದ್ದ ಸೆರಗನ್ನು ಎಳೆದು ಮುಂಗೈ ಮುಚ್ಚಿಕೊಂಡಳು, ಆಮೇಲೆ ಕೈ ಎತ್ತಿದಳು, ಕಣ್ಣಿನ ಡಾಕ್ಟರು ನೋಡಿದ್ದಾರೆ, ಬದಿಯಿಂದ ಕತ್ತಲಾಗುತ್ತಾ ಬಂದಿದೆ, ಈಗ ನಡುವೆಯೂ ಮಂಜು, ಕೈ ಸುಟ್ಟುಕೊಳ್ಳುತ್ತೇನೆ ಅಂತ ಇಸ್ತ್ರಿಯಿಂದ ತೆಗೆದು ಮಡಚುವ ಮೇಜಿಗೆ ಹಾಕಿದ್ದಾರೆ, ಇದಕ್ಕೆ ಔಷಧ ಇಲ್ಲವಂತೆ. ಯಾಕೆ ಹೇಳಲಿಲ್ಲ, ಯಾಕೆ ಹೇಳಲಿಲ್ಲ ನನಗೆ, ನನ್ನ ಕೈಗಳು ಒಂದಕ್ಕೊಂದು ಬಡಿಯುತ್ತಿದ್ದವು, ಅಕ್ಕ ಅಂದಳು, ನೀನು ಲೈನಿಗೆ ಬೈತಿದ್ದೆ, ಬೈಲಿ ಬಿಡು, ಇವಳಿಗೆ ಗೊತ್ತಾಗದೆ ಅಷ್ಟು ದಿನ ಕಳೀತಲ್ಲ ಅಂದುಕೊಂಡೆ. ಆ ತಂತಿಗೆ ಚೀಲ ಸುತ್ತಿದವನು, ಆ ಹುಡುಗಿ, ಆ ನಂಬರು, ಇಡೀ ಬೇಸಿಗೆ ಇಡೀ ಮಳೆಗಾಲ ಇವಳ ಕಣ್ಣಿದ್ದ ಸಂಜೆಗಳನ್ನು ಇಟ್ಟಿಗೆ ಮಾಡಿ ತಿಂದುಹಾಕಿದರಲ್ಲ, ಇವಳೂ ಅವರ ಜೊತೆ ಸೇರಿಕೊಂಡಳಲ್ಲ, ಯಾರ ಮೇಲೆ ಸಿಟ್ಟು ಇದು, ಹೇಳು ಅನ್ನುತ್ತಿದ್ದಾಳೆ, ಏನೋ ಹೇಳುತ್ತಿದ್ದೆಯಲ್ಲ ಹೇಳು, ತಾಳು ಹತ್ತಿರ ಬರುತ್ತೇನೆ, ಫೋನನ್ನು ಎತ್ತಿಕೊಂಡಳು, ಗೋಡೆ ಹೋಯಿತು, ಅಂಗಿ ಹೋಯಿತು, ಹಣೆ ಹೋಯಿತು, ಗದ್ದ ಹೋಯಿತು, ಪರದೆಯ ತುಂಬ ಒಂದೇ ಕಣ್ಣು, ಎಷ್ಟು ಸ್ಪಷ್ಟ, ಒಂದೊಂದು ರೆಪ್ಪೆಗೂದಲು, ಬಿಳಿಯಲ್ಲಿ ಕೆಂಪು ಎಳೆ, ನಡುವಿನ ಕಪ್ಪು ಹಿಗ್ಗುತ್ತಿದೆ ಕುಗ್ಗುತ್ತಿದೆ, ನನ್ನನ್ನು ಹುಡುಕುತ್ತಿದೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ನಾನು ಕೈ ಎತ್ತಿದ್ದೇನೆ, ಎದೆಯ ನಡುವೆ, ಕಣ್ಣು ಬಂತು, ದಾಟಿ ಹೋಯಿತು, ಮತ್ತೆ ಬಂತು, ನಾನು ಕೈ ಎತ್ತಿಯೇ ಇದ್ದೇನೆ, ಕಣ್ಣು, ಒದ್ದೆ ಕಣ್ಣು, ರೆಪ್ಪೆ ಬಡಿಯದ ಕಣ್ಣು