ಈಬತ್ತಿ ಹಚ್ಚಿದ ಆಟಗಾರರು

ಕಸ್ತೂರಿಬಾಯಿ ತನ್ನ ಪಗಾರವನ್ನು ಬಬಲ್ ಗಮ್ಮಿಗೆ ಸುರಿಯುತ್ತಿದ್ದಾಳೆ ಎಂಬ ಸುದ್ದಿ ಆಳಂದದ ಗಂಜಿನಲ್ಲಿ ಹಬ್ಬಿದಾಗ, ಅವಳ ಅಣ್ಣ ಶಾಂತಲಿಂಗಪ್ಪನಿಗೆ ತಲೆ ಎತ್ತಿ ತಿರುಗುವುದು ಕಷ್ಟವಾಯಿತು. ಗಂಜೆಂದರೆ ತೊಗರಿ, ಕಡಲೆ ಹರಾಜಾಗುವ ಜಾಗ. ಅಲ್ಲಿ ಅವನದೊಂದು ಅಡತಿ ಅಂಗಡಿಯಿತ್ತು. ರೈತರ ಮಾಲು ಮಾರಿಸಿಕೊಟ್ಟು ಕಮಿಷನ್ ಹಿಡಿಯುವ, ಕೊಟ್ಟ ಮಾತಿನ ಮೇಲೆಯೇ ನಡೆಯುವ ಧಂದೆ. ಅಂಥವನ ತಂಗಿ, ಬಿ.ಎಸ್ಸಿ. ಓದಿ ಮಟಕಿ ಎಂಬ ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಗಮ್ಮನ್ನು ಡಬ್ಬಿಗಟ್ಟಲೆ ಕೊಳ್ಳುತ್ತಾಳೆಂದರೆ ಜನ ಸುಮ್ಮನಿರುತ್ತಾರೆಯೇ? "ತಂಗೀದು ಹಲ್ಲು ಭಾಳ ಗಟ್ಟಿ ಅದಾವ ಬಿಡ್ರಿ ಸಾವ್ಕಾರ್ರ" ಎಂದು ಹಮಾಲರೂ ನಗುತ್ತಿದ್ದರು.

ಗಮ್ಮು ಅವಳಿಗೆ ಬೇಕಿರಲಿಲ್ಲ. ಅದನ್ನು ಶಾಲೆಯ ಮಕ್ಕಳಿಗೆ ಹಂಚಿಬಿಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಅದರ ಜೊತೆ ಬರುವ ಕ್ರಿಕೆಟ್ ಕಾರ್ಡು. ವಿಶ್ವಕಪ್ಪು ಮೊದಲ ಸಲ ನಮ್ಮ ದೇಶದಲ್ಲಿ ನಡೆದು ಒಂದು ವರ್ಷವಾಗಿತ್ತು. ಕಾರ್ಡಿನ ಮುಂದೆ ಆಟಗಾರನ ಬಣ್ಣದ ಚಿತ್ರ, ಹಿಂದೆ ಇಷ್ಟು ರನ್ನೆಂದು ಅಚ್ಚಾದ ಅಂಕಿ. ರನ್ನು ಕೂಡಿಸಿ ನೂರಾದರೆ ಆ ಕಾರ್ಡುಗಳನ್ನೆಲ್ಲ ಕಂಪನಿಗೆ ಕಳಿಸಬೇಕು, ಅವರೊಂದು ಚಿತ್ರಪುಸ್ತಕ ಕಳಿಸುತ್ತಿದ್ದರು. ಅಫಜಲಪುರದಿಂದ ಜೇವರ್ಗಿಯವರೆಗೆ ಹುಡುಗರೆಲ್ಲ ಹಾಗೇ ಮಾಡುತ್ತಿದ್ದರು. ಕಳಿಸಿದ ಕಾರ್ಡು ತಿರುಗಿ ಬರುತ್ತಿರಲಿಲ್ಲ. ಕಳಿಸದೆ ಉಳಿದವು ಅಂಗಿ ಕಿಸೆಯಲ್ಲಿ ಬೆವರಿಗೆ ಮೆತ್ತಗಾಗಿ ಹರಿಯುತ್ತಿದ್ದವು. ಕಸ್ತೂರಿಬಾಯಿ ಇದನ್ನು ನೋಡಿ ಒಂದು ಲೆಕ್ಕ ಹಾಕಿದ್ದಳು. ಎಲ್ಲರ ಕೈಗೂ ಬಂದದ್ದು ಎಲ್ಲರ ಕೈಯಿಂದಲೂ ಹೋಗುತ್ತಿದೆ. ಇನ್ನು ಹತ್ತಿಪ್ಪತ್ತು ವರ್ಷಕ್ಕೆ ಇದು ಯಾರ ಹತ್ತಿರ ಉಳಿದಿರುತ್ತದೆ?

ಈ ಲೆಕ್ಕಕ್ಕೆ ದಾರಿ ತೋರಿಸಿದವನು ಅಬ್ದುಲ್ ಗನಿ. ಕಸ್ತೂರಿಬಾಯಿ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಮಕ್ಕಳನ್ನು ಹೈದರಾಬಾದಿಗೆ ಕರೆದುಕೊಂಡು ಹೋದಾಗ, ಆಬಿಡ್ಸಿನ ರವಿವಾರದ ಸಂತೆಯಲ್ಲಿ ಅವನು ಫುಟ್‌ಪಾತಿನ ಮೇಲೆ ಹಳೆಯ ನಾಣ್ಯ, ಸ್ಟಾಂಪು ಹರವಿಕೊಂಡು ಕೂತಿದ್ದ. ಅವುಗಳ ನಡುವೆ ಬ್ರಿಟಿಷರ ಕಾಲದ ಸಿಗರೇಟು ಪಾಕೀಟಿನ ಕ್ರಿಕೆಟ್ ಕಾರ್ಡುಗಳಿದ್ದವು. ಸೇದಿದವರು ಬಿಸಾಡಿದ್ದಕ್ಕೇ ಇವಕ್ಕೆ ಕಿಮ್ಮತ್ತು ಬಂತು ಎಂದು ಅವನು ವಿವರಿಸಿದ. ಹೊಸದಾಗಿ ಶುರು ಮಾಡುವವರು ಹೆಸರುವಾಸಿ ಆಟಗಾರನ ಬೆನ್ನು ಹತ್ತಬಾರದು, ಕಂಪನಿ ಒಟ್ಟಿಗೆ ಹೊರಡಿಸಿದ ಕಾರ್ಡುಗಳ ಒಂದೇ ಸರಣಿ ಹಿಡಿದು ಪೂರ್ತಿ ಮಾಡಬೇಕು. ರಬ್ಬರ್ ಬ್ಯಾಂಡ್ ಹಾಕಬಾರದು, ಮೂಲೆ ಮಡಚಬಾರದು, ಪೆನ್ನು ತಾಗಿಸಬಾರದು. ಅವನ ಹೆಂಡತಿಯ ತವರು ಆಳಂದವೇ ಆದ್ದರಿಂದ ಮಾತು ಬೇಗ ಬೆಳೆಯಿತು.

ಅಲ್ಲಿಂದ ಬಂದವಳೇ ಶುರು ಮಾಡಿದಳು. ಕಾಲೇಜಿನಲ್ಲಿ ಗಿಡದ ಎಲೆಗಳನ್ನು ಒತ್ತಿ ಹಾಳೆಗೆ ಅಂಟಿಸಿ ಕಾಪಾಡಿದ ಅಭ್ಯಾಸ ಕೈಯಲ್ಲಿತ್ತು. ಕಾರ್ಡನ್ನು ಅಂಚಿನಲ್ಲೇ ಹಿಡಿದು ಬಟರ್ ಪೇಪರಿನಲ್ಲಿ ಸುತ್ತಿ, ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸುತ್ತಿದ್ದಳು. ಕೊಳಕೂರಿನ ಅಕ್ಕನ ಮನೆಗೆ ಹೋದರೆ ಜೇವರ್ಗಿ ಬಸ್‌ಸ್ಟ್ಯಾಂಡಿನ ಅಂಗಡಿಗಳನ್ನೆಲ್ಲ ಸುತ್ತಿ ಬರುತ್ತಿದ್ದಳು. ಎಲ್ಲಿಯೂ ಸಿಗದ ಒಬ್ಬ ವಿಕೆಟ್ ಕೀಪರ್ ಕೊನೆಗೆ ಗೊಬ್ಬೂರಿನ ಪಾನಂಗಡಿಯೊಂದರಲ್ಲಿ ಸಿಕ್ಕ. ಅವನು ಬಂದ ದಿನ ಸರಣಿ ಪೂರ್ತಿಯಾಯಿತು.

ಅಣ್ಣ ಸಿಡಿದದ್ದು ಆಮೇಲೆ. ಊಟಕ್ಕೆ ಕೂತಾಗ ಅವನು, ಬಂಗಾರ ತಗೋ, ಇಲ್ಲ ನನ್ನ ಅಂಗಡಿಯಲ್ಲಿ ಹಾಕು, ಈ ರದ್ದಿಯನ್ನು ಯಾವನು ಕೊಳ್ಳುತ್ತಾನೆ ಎಂದು ಕೇಳಿದ. ಕೊಳ್ಳುವವರಿದ್ದಾರೆ ಎಂದಳು. ಮಾತಿಗೆ ಮಾತು ಬೆಳೆದು ಪಂಥಕ್ಕೆ ಬಂತು. ದೀಪಾವಳಿ ಮುಗಿಯುವುದರೊಳಗೆ ಒಬ್ಬನಾದರೂ ಮನೆಗೆ ಬಂದು ಈ ಸರಣಿಗೆ ಬೆಲೆ ಕಟ್ಟಬೇಕು, ಇಲ್ಲದಿದ್ದರೆ ಡಬ್ಬಿ ಓಣಿಯ ಹುಡುಗರ ಪಾಲು, ಪಗಾರ ಅಣ್ಣನ ಕೈಗೆ. ಹಟಕ್ಕೆ ಬಿದ್ದು ಆಗಲಿ ಎಂದುಬಿಟ್ಟಳು. ತಾಯಿ ಶರಣಬಸಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಇಬ್ಬರ ಮುಖವನ್ನೂ ನೋಡಿದಳು. ಕಸ್ತೂರಿಬಾಯಿ ಗನಿಗೆ ಬರೆದಳು. ಹೇಗೂ ಮಾವನ ಮನೆಗೆ ಬರುವುದಿದೆ, ಹಬ್ಬದ ಪಾಡ್ಯದ ದಿನ ಬಂದು ನೋಡುತ್ತೇನೆ ಎಂದು ಅವನೂ ಉತ್ತರಿಸಿದ.

ಅಮಾವಾಸ್ಯೆಯ ಸಂಜೆ ಗಂಜಿನ ಅಂಗಡಿಗಳಲ್ಲೆಲ್ಲ ಲಕ್ಷ್ಮಿಪೂಜೆ. ತಕ್ಕಡಿ, ತಿಜೋರಿ, ಲೆಕ್ಕದ ವಹಿ, ಎಲ್ಲಕ್ಕೂ ಈಬತ್ತಿ, ಅಂದರೆ ವಿಭೂತಿ, ಹಚ್ಚಿ ಕುಂಕುಮ ಇಡುತ್ತಾರೆ. ಅಣ್ಣನ ಅಂಗಡಿಯ ಪೂಜೆಗೆ ತಾಯಿ ಹೋಗಿ ಬಂದಿದ್ದಳು. ಕಸ್ತೂರಿಬಾಯಿ ಚೆಂಡುಹೂ ತರಲು ಪೇಟೆಗೆ ಹೋಗಿ ಮರಳುವಷ್ಟರಲ್ಲಿ ದೇವರ ಜಗಲಿಯ ಮೇಲೆ ದೀಪ ಉರಿಯುತ್ತಿತ್ತು. ದೀಪದ ಮುಂದೆ ಬಿಸ್ಕೀಟಿನ ಡಬ್ಬಿ ಬಾಯಿ ತೆರೆದಿತ್ತು. ಸುತ್ತಿದ ಕಾಗದಗಳನ್ನು ಒಂದೊಂದಾಗಿ ಬಿಚ್ಚಿ, ಪೂರ್ತಿಯಾದ ಸರಣಿಯನ್ನು ತಾಯಿ ಸಾಲಾಗಿ ಜೋಡಿಸಿದ್ದಳು. ಒಬ್ಬೊಬ್ಬ ಆಟಗಾರನ ಹಣೆಗೂ ನೀರಲ್ಲಿ ಕಲೆಸಿದ ಈಬತ್ತಿಯ ಮೂರು ಗೆರೆ, ನಡುವೆ ಹಸಿ ಕುಂಕುಮ. ವೆಸ್ಟ್ ಇಂಡೀಸಿನ ಬೌಲರನನ್ನೂ ಬಿಟ್ಟಿರಲಿಲ್ಲ.

"ನಿಮ್ಮಣ್ಣನ ತಕ್ಕಡಿಗಿ ಪೂಜಿ ಆತು" ಎಂದಳು ಶರಣಬಸಮ್ಮ. "ನಿನ್ನ ಲಕ್ಷ್ಮಿಗೂ ಆಗಬೇಕಲ್ಲ ಯವ್ವಾ. ನಾಳೆ ನೋಡಾಕ ಬರ್ತಾರಂದಿ."

ಕಸ್ತೂರಿಬಾಯಿ ಒಂದು ಕಾರ್ಡನ್ನು ಎತ್ತಿ ಬೆಳಕಿಗೆ ಹಿಡಿದಳು. ನೀರು ಕಾಗದದ ಎಳೆಗಿಳಿದು ಹಣೆಯ ಭಾಗ ಉಬ್ಬಿತ್ತು. ಕುಂಕುಮವೆಂದರೆ ಸುಣ್ಣ ಬೆರೆಸಿದ ಅರಿಸಿನವೆಂದು ಅವಳಿಗೆ ಗೊತ್ತು. ನಿಂಬೆಹುಳಿ ಹಾಕಿದರೆ ಕೆಂಪು ಹೋಗಿ ಹಳದಿ ಉಳಿಯುತ್ತದೆ, ಸಾಬೂನು ಹಾಕಿದರೆ ಮತ್ತೆ ಕೆಂಪಾಗುತ್ತದೆ, ಒರೆಸಿದರೆ ಚಿತ್ರವೇ ಎದ್ದು ಬರುತ್ತದೆ. ಮಾಡುವಂಥದ್ದು ಏನೂ ಇರಲಿಲ್ಲ. ಅವಳು ಕಾರ್ಡನ್ನು ಇದ್ದಲ್ಲೇ ಇಟ್ಟು, ತಂದ ಹೂವನ್ನು ದೇವರಿಗೆ ಏರಿಸಿದಳು.

ಅಂಗಡಿ ಮುಚ್ಚಿ ಬಂದ ಶಾಂತಲಿಂಗಪ್ಪ ಜಗಲಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿನ್ನ ಆಟಗಾರರೆಲ್ಲ ಶರಣರಾದ್ರಲ್ಲ ಬೇ. ಇನ್ನ ಲಿಂಗ ಕಟ್ಟೋದೊಂದು ಉಳೀತು ನೋಡು."

ಮರುದಿನ ಗನಿ ಬಂದ. ಚಹಾ ಕುಡಿದು, ಕಿಟಕಿಯ ಹತ್ತಿರ ಕೂತು, ಒಂದೊಂದೇ ಕಾರ್ಡನ್ನು ಅಂಚಿನಲ್ಲಿ ಹಿಡಿದು ನೋಡಿದ. ಮೂಲೆಗಳನ್ನು ಹೊಗಳಿದ. ಹಣೆಗೆ ಬಂದಾಗ ನಿಟ್ಟುಸಿರು ಬಿಟ್ಟ. ಒಂದಕ್ಕಿಂತ ಹೆಚ್ಚು ಸಿಕ್ಕು ಡಬ್ಬಿಯಲ್ಲೇ ಉಳಿದಿದ್ದ ಜೋಡಿ ಕಾರ್ಡುಗಳನ್ನೂ ತಿರುವಿ ಹಾಕಿದ. ವಿಕೆಟ್ ಕೀಪರನಿಗೆ ಜೋಡಿ ಇರಲಿಲ್ಲ, ಇದ್ದ ಒಬ್ಬನ ಹಣೆಗೂ ಕುಂಕುಮ ಬಿದ್ದಿತ್ತು.

"ಸರಣಿ ಖರಾಬ್ ಆತ್ರಿ ಟೀಚರಮ್ಮಾ" ಎಂದ. "ಇದಕ್ಕ ನಾ ರೇಟ್ ಹೇಳಿದ್ರ ಸುಳ್ಳು ಹೇಳಿದಂಗ ಆಗ್ತದ. ಜೋಡಿ ಇದ್ದವು ಇಟ್ಕೋರಿ, ಮತ್ತ ಶುರು ಮಾಡ್ರಿ."

ಬಾಗಿಲಲ್ಲಿ ನಿಂತಿದ್ದ ಶಾಂತಲಿಂಗಪ್ಪ ಒಳಗೆ ಬಂದು ಕೈ ಚಾಚಿದ. "ಸೋತಿ. ಡಬ್ಬಿ ಈಕಡೆ ಕೊಡು. ಮುಂದಿನ ತಿಂಗಳದಿಂದ ಪಗಾರ ನನ್ನ ಕಡೆ."

ಕಸ್ತೂರಿಬಾಯಿ ಡಬ್ಬಿಯ ಮುಚ್ಚಳ ಹಾಕಿ ಮಡಿಲಲ್ಲಿಟ್ಟುಕೊಂಡಳು. "ಪಂಥ ಸೋತೀನಿ, ಖರೆ. ಡಬ್ಬಿ ಕೊಡಂಗಿಲ್ಲ. ಪಗಾರನೂ ಕೊಡಂಗಿಲ್ಲ."

"ಮಾತು ಕೊಟ್ಟೀದಿ."

"ಕೊಟ್ಟಿದ್ದೆ. ನಿನ್ನ ಎದುರಿಗೇ ಮಾತು ತಪ್ಪಾಕತ್ತೇನಿ. ನಾ ದುಡದಿದ್ದು ಪಂಥಕ್ಕಿಡಾಕ ನಾ ಒಪ್ಪಬಾರದಿತ್ತು, ನೀ ಕೇಳಬಾರದಿತ್ತು. ಹೋದ ವರ್ಷ ಭಾವ ಏರ್ತದಂತ ತೊಗರಿ ತಡದಿಟ್ಟಿ. ಹುಳಾ ಬಿದ್ದು ಗೋದಾಮ ತುಂಬ ಹಿಟ್ಟಾತು. ಆವಾಗ ಯಾರರ ನಿನ್ನ ಅಂಗಡಿ ಕೀಲಿ ಕೇಳಿದ್ರೇನು?"

"ಅದು ವ್ಯಾಪಾರ."

"ನಿನಗ ಲುಕ್ಸಾನಾದ್ರ ವ್ಯಾಪಾರ, ನನಗಾದ್ರ ಹುಚ್ಚು. ಹಿಂಗ್ಯಾಕ ಅಣ್ಣಾ?"

ಗನಿ ಖಾಲಿ ಕಪ್ಪಿನಲ್ಲಿ ಏನನ್ನೋ ಹುಡುಕತೊಡಗಿದ. ಹೊರಗಿನವನ ಎದುರಿಗೆ ದನಿ ಏರಿಸುವುದು ಅಡತಿಯವನಿಗೆ ಶೋಭಿಸುವುದಿಲ್ಲ. ಗಂಜಿನಾಗ ಮಂದಿ ಏನಂತಾರ ಎಂದಷ್ಟೇ ಗೊಣಗಿದ ಶಾಂತಲಿಂಗಪ್ಪ. ಏನು ಬೇಕಾದರೂ ಅನ್ನಲಿ, ಮಾತು ತಪ್ಪಿದವಳು ತಂಗಿ ಎಂದು ನೀನೇ ಹೇಳು ಎಂದಳು ಅವಳು. ಅವನು ಟೋಪಿ ತಲೆಗಿಟ್ಟು ಹೊರಗೆ ಹೋದ.

ಅಡುಗೆಮನೆಯ ಬಾಗಿಲಲ್ಲಿ ಶರಣಬಸಮ್ಮ ಸೆರಗು ಹಿಡಿದು ನಿಂತಿದ್ದಳು. "ನನ್ನಿಂದ ಕೆಟ್ಟಿತೇನು ಕಸ್ತೂರಿ?"

ಸುಳ್ಳು ಹೇಳಬಹುದಿತ್ತು. ಆದರೆ ಈ ಮನೆಯಲ್ಲಿ ಅವಳ ಡಬ್ಬಿಯನ್ನು ಸಂಪತ್ತೆಂದು ನಂಬಿದವಳು ತಾಯಿ ಒಬ್ಬಳೇ. ನಂಬಿದವರಿಗೆ ಲೆಕ್ಕ ನೆಟ್ಟಗೆ ಒಪ್ಪಿಸಬೇಕು.

"ಹೌದವ್ವಾ, ಕೆಟ್ಟಿತು. ಇವಕ್ಕ ನೀರು ತಾಗಬಾರದು, ಬಣ್ಣ ತಾಗಬಾರದು. ನಾನೂ ನಿನಗ ಹೇಳಿರಲಿಲ್ಲ."

ಶರಣಬಸಮ್ಮ ಸೆರಗು ಬಿಟ್ಟು ಡಬ್ಬಿಯ ಹತ್ತಿರ ಬಂದಳು. ತಪ್ಪಾಯಿತೆಂದು ಅಳಲಿಲ್ಲ. ಪೂಜೆ ಮಾಡಬಾರದಿತ್ತು ಎಂದೂ ಅನ್ನಲಿಲ್ಲ.

"ಹಂಗಾರ ಬರೋ ವರ್ಷ ಎಲ್ಲಿ ಹಚ್ಚಲಿ?"

"ಡಬ್ಬಿ ಮ್ಯಾಲ ಹಚ್ಚವ್ವಾ" ಎಂದಳು ಕಸ್ತೂರಿಬಾಯಿ. ಆಮೇಲೆ ಗನಿಯ ಕಡೆಗೆ ತಿರುಗಿ, ಈ ಸಲ ಯಾವ ಸರಣಿ ಹಿಡಿಯಲಿ ಎಂದು ಕೇಳಿದಳು.