ಹಿಟ್ಟು ತುಂಬಿ ಬೇರಿಂಗು ಕಿತ್ತದ್ದು

ಮೀನು ಹಿಡಿಯುವುದಕ್ಕೂ ಒಂದು ರೀಲು ಇರುತ್ತದೆ ಎಂದು ಅರವತ್ತೇಳನೇ ಇಸವಿಯವರೆಗೆ ನನಗೆ ಗೊತ್ತಿರಲಿಲ್ಲ. ನಾವು ಲಿಂಗ ಕಟ್ಟಿದವರು, ಮೀನು ಮುಟ್ಟದವರು. ಕೊಳ್ಳೇಗಾಲದಲ್ಲಿ ರೀಲು ಅಂದರೆ ರೇಷ್ಮೆ ಬಿಚ್ಚುವ ಚರಕದ ರೀಲು. ಅದನ್ನೂ ಸೈಕಲ್ಲನ್ನೂ ರಿಪೇರಿ ಮಾಡುವುದು ನನ್ನ ಕಸುಬು. ಹಾಗಾಗಿ ಗೋಪಿನಾಥಂನ ಜಡೇಸ್ವಾಮಿ ಒಂದು ಬೆಳಿಗ್ಗೆ ಬಟ್ಟೆಗಂಟು ಹಿಡಿದು ಬಂದು, "ರೀಲು ಬುದ್ಧಿ, ಬೇರಿಂಗು ಕಚ್ಕಂಡದೆ" ಅಂದಾಗ, ತಲೆ ಎತ್ತದೆ "ಒಳಿಕ್ ಮಡುಗ್ಲಾ" ಅಂದುಬಿಟ್ಟೆ.

ನನ್ನ ಹೆಂಡತಿ ಶಿವರತ್ನಮ್ಮ ಗಂಟು ಬಿಚ್ಚಿ ಮೂಸಿದಳು.

"ಏನ್ರೀ ಇದು, ಮೀನ್ ನಾತ. ಇದು ಒಳಗಿದ್ರೆ ನಾನ್ ಆಚೆ ಇರ್ತೀನಿ."

ರೀಲೂ ನಾನೂ ಹೊಂಗೆ ಮರದ ಕೆಳಕ್ಕೆ ಹೋದೆವು. ಜಡೇಸ್ವಾಮಿ ಅಲ್ಲಿ ಕುಕ್ಕರುಗಾಲಲ್ಲಿ ಕೂತು ವಿಷಯ ಹೇಳಿದ. ಅವನು ಹೊಳೆಯಲ್ಲಿ ಹರಿಗೋಲು ಹಾಕುವವನು. ಬಿಳಿಗಿರಿರಂಗನ ಬೆಟ್ಟದ ಕಡೆ ಒಂದು ಕಾಫಿ ತೋಟಕ್ಕೆ ಗೋವಿಂದಯ್ಯ ಅಂತ ಮ್ಯಾನೇಜರು. ತಿಂಗಳಿಗೊಮ್ಮೆ ಮೀನು ಹಿಡಿಯಲು ಬರುತ್ತಾರೆ, ಇವನ ಹರಿಗೋಲನ್ನೇ ಹತ್ತುತ್ತಾರೆ, ರೀಲನ್ನು ಇವನ ಹತ್ತಿರವೇ ಬಿಟ್ಟು ಹೋಗುತ್ತಾರೆ. ಇವನು ಅದನ್ನು ಮರಳಿಗೆ ಬೀಳಿಸಿದ್ದಾನೆ. ಆಮೇಲೆ ಹೊಳೆ ನೀರಲ್ಲಿ ಅದ್ದಿ ತೊಳೆದು, ಹಸಿಯಾಗಿಯೇ ಗೂಟಕ್ಕೆ ತೂಗುಹಾಕಿದ್ದಾನೆ.

"ಇವತ್ ನಾಕ್ ಗಂಟ್ಗೆ ಎಳಂದೂರ್ ಮ್ಯಾಲಿಂದ ಜೀಪಲ್ ಬತ್ತಾರೆ ಬುದ್ಧಿ. ಬಸ್‌ಸ್ಟ್ಯಾಂಡಲ್ ನನ್ನೂ ಅತ್ತಿಸ್ಕಂಡು ಓಯ್ತಾರೆ. ಇದು ತಿರುಗ್ನಿಲ್ಲ ಅಂದ್ರೆ ನನ್ ಕೆಲ್ಸ ಆಚೆ ದಡದೋನ್ ಪಾಲು."

ಬಿಚ್ಚಿ ನೋಡಿದೆ. ಎರಡು ಕಡೆಗೂ ಒಂದೊಂದು ಬೇರಿಂಗು, ಹುಣಸೆ ಬೀಜದಷ್ಟು. ಒಂದು ಹೇಗೋ ತಿರುಗುತ್ತಿತ್ತು. ಇನ್ನೊಂದು ತುಕ್ಕು ಹಿಡಿದು ಕಲ್ಲಾಗಿತ್ತು. ಎರಡೂ ಕೂತಿರುವ ಕುಳಿಗಳಿಗೆ ಹಿಂದೆ ತೂತೇ ಇಲ್ಲ. ಹಿಂದಿನಿಂದ ತಟ್ಟುವ ಹಾಗಿಲ್ಲ, ಮುಂದಿನಿಂದ ಹಿಡಿಯಲು ಅಂಚಿಲ್ಲ. ಮಾಡಿದವನಿಗೆ ಬುದ್ಧಿ ಇಲ್ಲ ಅಂತ ಬೈದೆ. ಆದರೆ ಕೈ ತುರಿಸಲು ಶುರುವಾಯಿತು ನೋಡಿ, ಬೇರೆ ಕೆಲಸವೆಲ್ಲ ಮರೆತೇ ಹೋಯಿತು.

ಸೈಕಲ್ ಕಡ್ಡಿಯ ತುದಿ ಕಾಯಿಸಿ, ಬಗ್ಗಿಸಿ, ಅರದಲ್ಲಿ ಉಜ್ಜಿ ಸಣ್ಣ ಕೊಕ್ಕೆ ಮಾಡಿದೆ. ಒಳಗೆ ಹೋಯಿತು, ಎಳೆದೆ, ನೆಟ್ಟಗಾಗಿ ಆಚೆ ಬಂತು. ಛತ್ರಿ ಕಡ್ಡಿಯಲ್ಲಿ ಇನ್ನೊಂದು ಮಾಡಿದೆ. ಅದು ಪಟ್ ಅಂತ ಮುರಿದು ಜಡೇಸ್ವಾಮಿಯ ಕಿವಿಯ ಪಕ್ಕದಲ್ಲೇ ಹಾರಿತು. ಮೂರನೆಯದು ಜಾರಿತು.

ಅಷ್ಟರಲ್ಲಿ ಜಗಲಿಯ ಮೇಲೆ ಶಿವರತ್ನಮ್ಮ ಶಾವಿಗೆ ಒತ್ತುತ್ತಾ ಗೊಣಗಿದಳು. ಶಾವಿಗೆ ಒರಳಿನ ಕೆಳಗಿನ ತೂತುಗಳು ಕಟ್ಟಿಕೊಂಡಿದ್ದವು. "ಒತ್ತುದ್ರೆ ಕೆಳಿಕ್ ಇಳೀನಿಲ್ಲ, ಪಕ್ಕದಲ್ಲಿ ಮೇಲಿಕ್ ಬತ್ತಾ ಅದೆ ಈ ಆಳಾದ್ದು."

ನಾನು ಅರ ಕೆಳಗಿಟ್ಟು ಅದನ್ನೇ ನೋಡಿದೆ. ಕೆಳಗೆ ದಾರಿ ಇಲ್ಲದಿದ್ದರೆ ಹಿಟ್ಟು ಮೇಲಕ್ಕೆ ಬರುತ್ತದೆ. ಈ ಕುಳಿಗೂ ಕೆಳಗೆ ದಾರಿ ಇಲ್ಲ. ಬೇರಿಂಗಿನ ನಡುವಿನ ತೂತಿನಿಂದ ಹಿಟ್ಟು ತುಂಬಿ, ಆ ತೂತಿಗೆ ಬಿಗಿಯಾಗಿ ಕೂರುವ ಮೊಳೆ ಇಟ್ಟು ತಟ್ಟಿದರೆ? ಒಳಗಿನ ಹಿಟ್ಟು ಎಲ್ಲಿಗೆ ಹೋಗಬೇಕು? ಬೇರಿಂಗನ್ನು ಹೊತ್ತುಕೊಂಡೇ ಬರಬೇಕು.

ಮೂರಿಂಚು ಮೊಳೆ ತೆಗೆದುಕೊಂಡು ಉಜ್ಜಿದೆ, ತೂರಿಸಿ ನೋಡಿದೆ, ಮತ್ತೆ ಉಜ್ಜಿದೆ. ಕೂದಲು ತೂರುವಷ್ಟು ಸಂದೂ ಬಿಡಲಿಲ್ಲ. ತುದಿಯನ್ನು ಚಪ್ಪಟೆ ಮಾಡಿದೆ. ಆಮೇಲೆ ಒಂದು ರಾಗಿ ಮುದ್ದೆ ಕೊಡು ಅಂತ ಹೆಂಡತಿಯನ್ನು ಕೇಳಿದೆ.

"ಯಾಕೆ, ಒಟ್ಟೆ ಅಸ್ವಾ?"

"ಊ" ಅಂದೆ. ನಿಜ ಹೇಳಿದ್ದರೆ ಕೊಡುತ್ತಿದ್ದಳೇ?

ಮುದ್ದೆ ಕಂಡು ಜಡೇಸ್ವಾಮಿ ತಲೆ ಕೆರೆದುಕೊಂಡ. "ಇಟ್ಟಾ ಬುದ್ಧಿ?"

"ಊ ಕಣ್ಲಾ, ಇಟ್ಟು. ಏನೀಗ?"

"ಏನಿಲ್ಲ."

ಬಿಸಿ ಮುದ್ದೆ ಮೆತ್ತಗಿತ್ತು, ಗುಂಡುಗಳ ಸಂದಿಯಿಂದ ಪಿಚಕ್ ಅಂತ ಮುಖಕ್ಕೇ ಹಾರಿತು. ಆರಿಸಿ, ಗಟ್ಟಿ ಮಾಡಿ, ಮತ್ತೆ ತುಂಬಿದೆ. ತಟ್ಟಿದೆ, ತುಂಬಿದೆ, ತಟ್ಟಿದೆ. ಮೂರನೇ ಸಲ ತುಂಬಿ ತಟ್ಟುವಾಗ ಬೇರಿಂಗಿನ ಅಂಚು ಉಗುರಿನ ದಪ್ಪ ಮೇಲೆ ಬಂತು. ಇನ್ನೆರಡು ಪೆಟ್ಟಿಗೆ ಪೂರಾ ಬಂದು ಅಂಗೈ ಮೇಲೆ ಕೂತಿತು. ನಲವತ್ತು ವರ್ಷದ ಗಂಡಸು, ಹೊಂಗೆ ಮರದ ಕೆಳಗೆ ಎದ್ದು ಕುಣಿದೆ. ಸೀಮೆಎಣ್ಣೆಯಲ್ಲಿ ತೊಳೆದು, ಹೊಲಿಗೆ ಮಿಷನ್ ಎಣ್ಣೆ ಬಿಟ್ಟು, ಕೂರಿಸಿ ತಿರುಗಿಸಿದರೆ ಜುಯ್ ಅಂತ ಹಾಡಿತು. ಆ ಹಾಡಿಗೆ ಮನಸೋತು ನಾನೂ ಬಸ್‌ಸ್ಟ್ಯಾಂಡಿಗೆ ಹೋದೆ.

ಗೋವಿಂದಯ್ಯನವರು ಜೀಪು ಇಳಿದವರೇ ರೀಲು ತಿರುಗಿಸಿ ನೋಡಿದರು. ಮುಖ ಅರಳಿತು. ಆಮೇಲೆ ಮೂಲೆಯೊಂದರಲ್ಲಿ ಉಗುರು ಹಾಕಿ ಏನನ್ನೋ ಕೆರೆದು ತೆಗೆದರು, ಬೆರಳಲ್ಲಿ ತಿಕ್ಕಿ ಮೂಸಿದರು. ಮುಖ ಕಪ್ಪಾಯಿತು.

"ರಾಗಿ. ನಾನಿಲ್ಲದಾಗ ನನ್ನ ರೀಲಲ್ಲೇ ಮೀನು ಹಿಡಿದಿದ್ದೀಯ ಅನ್ನು. ಇನ್ನು ನನಗೆ ನೀನು ಬೇಡಪ್ಪ."

ನನಗೆ ತಲೆಬುಡ ತಿಳಿಯಲಿಲ್ಲ. "ರಾಗಿಗೂ ಮೀನ್ಗೂ ಏನ್ ಸಾ ಸಂಬಂಧ?"

"ದೊಡ್ಡ ಬಿಳಿಮೀನಿಗೆ ಗಾಳಕ್ಕೆ ಸಿಕ್ಕಿಸೋದೇ ರಾಗಿ ಉಂಡೆ ಕಣ್ರಿ. ಹೊಳೆ ದಡದಲ್ಲಿ ಯಾರನ್ನ ಕೇಳಿದರೂ ಹೇಳ್ತಾರೆ."

ನಾನು ಜಡೇಸ್ವಾಮಿಯ ಕಡೆ ತಿರುಗಿದೆ. "ಲೇ, ಮೊದ್ಲೇ ಬೊಗುಳ್‌ಬಾರ್ದಾಗಿತ್ತಾ?"

"ನೀವ್ ಉಣ್ಣೋ ಇಟ್ಟು ಬುದ್ಧಿ. ಇದು ಮೀನ್ ತಿನ್ನೋದು ಅಂತ ನಿಮ್ ಎದ್ರುಗ್ ಎಂಗ್ ಏಳ್ಲಿ?"

ನಡೆದದ್ದನ್ನೆಲ್ಲ ನಾನೇ ಹೇಳಿದೆ. ಗೋವಿಂದಯ್ಯ ನಕ್ಕುಬಿಟ್ಟರು. "ಮುದ್ದೆ ತುಂಬಿ ಬೇರಿಂಗು ಕಿತ್ತರಂತೆ. ಚೆನ್ನಾಗಿ ಕಟ್ಟಿದ್ದೀರಿ ಕಥೆ."

"ಇನ್ನೊಂದ್ ಕಡೇದು ಅಲ್ಲೇ ಅದೆ ಸಾ. ಬಿಚ್ಚಿ."

ಮೊಳೆ ಜೇಬಲ್ಲೇ ಇತ್ತು. ಎದುರಿನ ಹೋಟೆಲಿನ ಕೆಂಪಾಜಮ್ಮ ಮಧ್ಯಾಹ್ನದ ಆರಿದ ಮುದ್ದೆ ಕೊಟ್ಟಳು. ಜೀಪಿನ ಬಾನೆಟ್ ಮೇಲೆ ರೀಲು ಇಟ್ಟು ಹಿಟ್ಟು ತುಂಬಿದೆ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಸುತ್ತಿಕೊಂಡರು. ಜೀಪಿನ ಸ್ಪ್ಯಾನರಿನಲ್ಲಿ ತಟ್ಟಿದೆ. ಏನೂ ಆಗಲಿಲ್ಲ.

"ರೊಟ್ಟಿ ತಟ್ಟಕ್ ಕುಂತವ್ನೆ ಪುಟ್ಟಮಲ್ಲಪ್ಪ" ಅಂತ ನನ್ನನ್ನು ಅಣಕಿಸಿದ ಯಾವನೋ.

ಮತ್ತೆ ತುಂಬಿದೆ. ಒಂದು ಪೆಟ್ಟು, ಎರಡು ಪೆಟ್ಟು. ಮೊಳೆಯ ಸುತ್ತ ಬೇರಿಂಗು ಮೆಲ್ಲಗೆ ಮೇಲೆದ್ದಿತು, ಜಾರಿ ಬಾನೆಟ್ ಮೇಲೆ ಉರುಳಿತು. ಗೋವಿಂದಯ್ಯ ಅಂಗೈ ಮುಚ್ಚಿ ಹಿಡಿದರು.

"ಮರಳಿಗೆ ಬಿದ್ದದ್ದು ಯಾವಾಗ ಜಡೇಸ್ವಾಮಿ?"

"ನೀವ್ ಓದ್ ಮಾರ್ನೆ ದಿನ ಸಾ."

"ಕಾಗದ ಬರೆಸಿ ಹೇಳೋದಲ್ವಾ?"

"ಏಳಿದ್ರೆ ಬ್ಯಾರೆ ಹರಿಗೋಲು ನೋಡ್ಕತಿದ್ರಿ."

"ಹೂಂ, ನೋಡಿಕೊಳ್ತಿದ್ದೆ" ಅಂದರು ಅವರು. ಬೇರಿಂಗನ್ನು ನನ್ನ ಕೈಗೆ ಹಾಕಿದರು. "ಇದನ್ನೂ ತೊಳೆದು ಕೂರಿಸಿಕೊಡಿ ಯಜಮಾನರೇ. ಅಷ್ಟರಲ್ಲಿ ಇವನು ಸಾಮಾನು ಹತ್ತಿಸಲಿ."

ಸಾಮಾನು ಹತ್ತಿಸುವುದಿರಲಿ, ಜಡೇಸ್ವಾಮಿ ಮೊದಲು ತಾನೇ ಹತ್ತಿ ಕೂತುಬಿಟ್ಟ. ಹೊಳೆ ಕಡೆಗೆ ಹೋಗುವ ಹನೂರಿನ ದಾರಿ ಬರುವ ತನಕ ಇಳಿಯುವುದಿಲ್ಲ ಅನ್ನುವಂತೆ ಜೀಪಿನ ಕಂಬಿ ಹಿಡಿದುಕೊಂಡಿದ್ದ. ಬೇರಿಂಗು ಕೂರಿಸಿದ ಮೇಲೆ ಸಾಮಾನು ಹತ್ತಿಸಿದ್ದೂ ನಾನೇ.